ಕರ್ತನು ಬರೆದಿಟ್ಟ ಮೇಲ್ಪಂಕ್ತಿ

ಓದತಕ್ಕ ಭಾಗ: 1 ಪೇತ್ರ 2ನೆಯ ಅಧ್ಯಾಯ, 18ರಿಂದ 25ನೆಯ ವಚನಗಳು.
ಬಾಯಿಪಾಠ ಮಾಡತಕ್ಕದ್ದು: ಅದೇ ಅಧ್ಯಾಯದ 21ನೆಯ ವಚನ.



ಕ್ರಿಸ್ತನಂತೆ ನಡೆಯಬೇಕೆಂಬ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಸಾರಿ ಕೇಳಿಬರುತ್ತದೋ ಲೆಕ್ಕವಿಲ್ಲ. ಭಾನುವಾರದ ಪ್ರಸಂಗದಲ್ಲಿ ಅದನ್ನು ಕೇಳುತ್ತೇವೆ, ಪ್ರಾರ್ಥನಾಕೂಟದಲ್ಲಿ ಅದಕ್ಕಾಗಿ ಬೇಡುತ್ತೇವೆ, ಕೀರ್ತನೆಗಳಲ್ಲಿ ಅದನ್ನು ಹಾಡುತ್ತೇವೆ. ಆದರೆ ದೇವಾಲಯದ ಬಾಗಲನ್ನು ದಾಟಿ ಹೊಲದ ದಾರಿಯನ್ನು ಹಿಡಿದಾಗ ನಮ್ಮಲ್ಲಿ ಅನೇಕರು ತಮ್ಮೊಳಗೆ ಹೀಗೆ ಹೇಳಿಕೊಳ್ಳುವದುಂಟು: "ಅದು ಬೋಧಕರಿಗೆ ಆಗುವ ಕೆಲಸ, ದೊಡ್ಡ ಭಕ್ತರಿಗೆ ಆಗುವ ಕೆಲಸ. ನಾವು ಸಾಧಾರಣ ಜನರು. ಬೆಳಗಾದರೆ ದನ ಬಿಡಬೇಕು, ನೀರು ತರಬೇಕು, ಕೂಲಿಗೆ ಹೋಗಬೇಕು, ಸಾಲ ಕೊಟ್ಟವನಿಗೆ ಉತ್ತರ ಹೇಳಬೇಕು. ಕ್ರಿಸ್ತನಂತೆ ನಡೆಯುವದು ನಮ್ಮಿಂದ ಎಲ್ಲಿ ಆದೀತು?"

ಈ ಮಾತು ದೀನತೆಯ ಮಾತಿನಂತೆ ತೋರುತ್ತದೆ. ಆದರೆ ಕರ್ತನು ನಮಗೆ ವಹಿಸಿದ ಹೊರೆಯನ್ನು ಮೆಲ್ಲನೆ ಇನ್ನೊಬ್ಬರ ತಲೆಯ ಮೇಲೆ ಇಡುವ ಉಪಾಯವೂ ಅದರಲ್ಲಿ ಅಡಗಿದೆ. ಇನ್ನು ಬೋಧಿಸುವವರಾದ ನಮ್ಮಂಥವರ ತಪ್ಪು ಬೇರೆ ವಿಧವಾದದ್ದು. ಒಂದು ಸದ್ಗುಣವನ್ನು ಕುರಿತು ಚೆನ್ನಾಗಿ ಉಪದೇಶಮಾಡಿದ ಕೂಡಲೆ ಆ ಸದ್ಗುಣವು ನಮ್ಮಲ್ಲಿ ಉಂಟೆಂದು ನಾವು ಎಣಿಸಿಕೊಳ್ಳುತ್ತೇವೆ. ಈ ಎರಡು ತಪ್ಪುಗಳನ್ನೂ ಈ ತಿಂಗಳ ಪಾಠವು ಮುಟ್ಟುತ್ತದೆ. ಸತ್ಯವೇದವನ್ನು ತೆರೆದು ಮುಂದಿಟ್ಟುಕೊಂಡು ಓದಿರಿ; ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

1. ಈ ಮಾತು ಯಾರಿಗೆ ಹೇಳಲ್ಪಟ್ಟಿತು?

ಅಪೊಸ್ತಲನಾದ ಪೇತ್ರನು ಈ ಪತ್ರವನ್ನು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಸೀಮೆಗಳಲ್ಲಿ ಚದರಿಹೋಗಿದ್ದ ವಿಶ್ವಾಸಿಗಳಿಗೆ ಬರೆದನು. ಈ ಸೀಮೆಗಳು ಈಗಿನ ತುರ್ಕಿ ದೇಶದಲ್ಲಿವೆ. ಆ ಕಾಲದಲ್ಲಿ ಅವು ರೋಮ್ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದವು. ಅಲ್ಲಿಯ ವಿಶ್ವಾಸಿಗಳು ಸಂಖ್ಯೆಯಲ್ಲಿ ಕೊಂಚ. ನೆರೆಹೊರೆಯವರ ಅನುಮಾನಕ್ಕೂ ನಿಂದೆಗೂ ಗುರಿಯಾಗಿ ಬಾಳುತ್ತಿದ್ದವರು.

ಈಗ 18ನೆಯ ವಚನವನ್ನು ನೋಡಿರಿ. ಕ್ರಿಸ್ತನ ಮಾದರಿಯನ್ನು ಕುರಿತಾದ ಈ ದೊಡ್ಡ ಮಾತನ್ನು ಪೇತ್ರನು ಯಾರ ಕಡೆಗೆ ತಿರುಗಿ ಹೇಳುತ್ತಾನೆ? ಸಭೆಯ ಹಿರಿಯರ ಕಡೆಗಲ್ಲ. ಅವರಿಗೆ ಹೇಳತಕ್ಕದ್ದನ್ನು ಅವನು ಐದನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಇಲ್ಲಿ ಅವನು ಮಾತಾಡುವದು ಮನೆಯಾಳುಗಳ ಸಂಗಡ. ನೀರು ಹೊರುವವರು, ಅಡಿಗೆಯ ಮನೆಯಲ್ಲಿ ದುಡಿಯುವವರು, ಯಜಮಾನನ ಕೋಪಕ್ಕೆ ಬೆನ್ನು ಕೊಡುವವರು, ಇವರೇ ಅವನ ಕೇಳುಗರು. ಅವರಲ್ಲಿ ಬಹು ಮಂದಿ ಕ್ರಯಕ್ಕೆ ಕೊಳ್ಳಲ್ಪಟ್ಟ ದಾಸರು. ಅವರ ದಿನವು ಅವರದಲ್ಲ, ಅವರ ದೇಹವೂ ಅವರದಲ್ಲ. ಅಂಥವರಿಗೆ ಪೇತ್ರನು, ಇದಕ್ಕಾಗಿಯೇ ನೀವು ಕರೆಯಲ್ಪಟ್ಟಿದ್ದೀರಿ ಎಂಬ ಅರ್ಥವುಳ್ಳ ಮಾತನ್ನು ಹೇಳಿ, ಕ್ರಿಸ್ತನ ಹೆಜ್ಜೆಗಳನ್ನು ತೋರಿಸುತ್ತಾನೆ.

ಆದಕಾರಣ, ನಾನು ಸಾಧಾರಣನು, ನನ್ನಿಂದಾಗದು ಎಂದು ಹೇಳುವವನು ತಿಳಿಯತಕ್ಕದ್ದೇನೆಂದರೆ, ಈ ಕರೆಯು ಮೊದಲು ಬಂದದ್ದೇ ಸಾಧಾರಣನ ಬಾಗಲಿಗೆ. ನಮ್ಮ ಕರ್ತನು ತಾನೇ ಬಹಿರಂಗ ಸೇವೆಯನ್ನು ಪ್ರಾರಂಭಿಸಿದಾಗ ಹೆಚ್ಚು ಕಡಿಮೆ ಮೂವತ್ತು ವರುಷದವನಾಗಿದ್ದನೆಂದು ಲೂಕನು ಬರೆದಿದ್ದಾನೆ (ಲೂಕ 3:23). ಊರಿನವರು ಆತನನ್ನು ಬಡಗಿಯೆಂದು ಬಲ್ಲವರಾಗಿದ್ದರು (ಮಾರ್ಕ 6:3). ಆತನ ಭೂಲೋಕದ ಆಯುಷ್ಯದ ಹೆಚ್ಚಿನ ಪಾಲು ಮರ, ಉಳಿ, ಬೆವರು, ಮನೆಮಂದಿ ಇವುಗಳ ನಡುವೆಯೇ ಕಳೆಯಿತು. ಆ ವರುಷಗಳೂ ತಂದೆಗೆ ಮೆಚ್ಚಿಕೆಯಾದವುಗಳೇ.

2. ಮೇಲ್ಪಂಕ್ತಿ ಎಂದರೇನು?

21ನೆಯ ವಚನದಲ್ಲಿ ಮಾದರಿ ಎಂಬ ಅರ್ಥಕ್ಕೆ ಪೇತ್ರನು ಉಪಯೋಗಿಸಿದ ಗ್ರೀಕ್ ಶಬ್ದವು ಹುಪೊಗ್ರಮ್ಮೋಸ್ ಎಂಬದು. ಹೊಸ ಒಡಂಬಡಿಕೆಯಲ್ಲಿ ಈ ಶಬ್ದವು ಇನ್ನೆಲ್ಲಿಯೂ ಬರುವದಿಲ್ಲ. ಅಕ್ಷರ ಕಲಿಯುವ ಮಕ್ಕಳು ನೋಡಿ ಬರೆಯಲಿ, ಅದರ ಮೇಲೆಯೇ ತಿದ್ದಲಿ ಎಂದು ಗುರುವು ಬರೆದುಕೊಡುವ ಅಕ್ಷರಗಳಿಗೆ ಆ ಹೆಸರು. ಕನ್ನಡದಲ್ಲಿ ಇದನ್ನು ತಿಳಿಸುವದು ಎಷ್ಟು ಸುಲಭ! ಮಾದರಿಗೆ ನಮ್ಮ ಭಾಷೆಯಲ್ಲಿ ಮೇಲ್ಪಂಕ್ತಿ ಎಂದು ಹೆಸರುಂಟು. ಮೇಲುಗಡೆಯ ಸಾಲು ಎಂಬದೇ ಅದರ ನೇರವಾದ ಅರ್ಥ. ಅಕ್ಷರದ ಮೇಲೆ ಕೈಯಾಡಿಸಿ ಕಲಿಯುವದಕ್ಕೆ ತಿದ್ದುವದು ಎನ್ನುತ್ತೇವೆ. ತಪ್ಪನ್ನು ಸರಿಪಡಿಸುವದಕ್ಕೂ ತಿದ್ದುವದು ಎಂದೇ ಅನ್ನುತ್ತೇವೆ. ಒಂದೇ ಮಾತಿನಲ್ಲಿ ಕಲಿಯುವಿಕೆಯೂ ಸರಿಪಡುವಿಕೆಯೂ ಸೇರಿಕೊಂಡಿವೆ.

ಹಿಂದಿನ ಕಾಲದಲ್ಲಿ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದರು. ಆಮೇಲೆ ಸ್ಲೇಟೂ ಬಳಪವೂ ಬಂದವು. ಮಗುವು ತಿದ್ದುವದನ್ನು ಸ್ವಲ್ಪ ಹೊತ್ತು ಕುಳಿತು ನೋಡಿದವರಿಗೆ ನಾಲ್ಕು ಸಂಗತಿಗಳು ತಿಳಿಯುವವು.

ಮೊದಲನೆಯದಾಗಿ, ಅಕ್ಷರವನ್ನು ಮಗುವು ಕಲ್ಪಿಸುವದಿಲ್ಲ. ಅದು ಮುಂಚೆಯೇ ಬರೆದಿರುತ್ತದೆ. ಎರಡನೆಯದಾಗಿ, ಒಂದೇ ದಿವಸದಲ್ಲಿ ಐವತ್ತು ಅಕ್ಷರಗಳನ್ನು ಯಾರೂ ತಿದ್ದಿಸುವದಿಲ್ಲ. ಅ ಬಂದ ಮೇಲೆ ಆ. ಮೂರನೆಯದಾಗಿ, ಮಗುವಿನ ಅಕ್ಷರವು ಎಷ್ಟು ಸೊಟ್ಟಗಿದ್ದರೂ, ಅದು ಯಾವ ಅಕ್ಷರವನ್ನು ನೋಡಿ ಬರೆದದ್ದೆಂದು ನೋಡಿದವರಿಗೆ ಗೊತ್ತಾಗುತ್ತದೆ. ನಾಲ್ಕನೆಯದಾಗಿ, ಕೈ ನಡುಗಿದಾಗ ಗುರುವು ಮಗುವಿನ ಕೈಯ ಮೇಲೆ ತನ್ನ ಕೈಯನ್ನಿಟ್ಟು ತಾನೇ ಬರೆಸುತ್ತಾನೆ.

ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದ 12 ಮತ್ತು 13ನೆಯ ವಚನಗಳಲ್ಲಿ ಪೌಲನು ಹೇಳುವದೂ ಇದೇ. ನೀವು ದುಡಿಯಿರಿ ಅನ್ನುತ್ತಾನೆ. ಆ ಬಳಿಕ, ನಿಮ್ಮೊಳಗೆ ದುಡಿಯುವಾತನು ದೇವರು ಅನ್ನುತ್ತಾನೆ. ಕೈ ನಮ್ಮದು; ಕೈ ಹಿಡಿದಿರುವಾತನು ಪರಿಶುದ್ಧಾತ್ಮನು.

3. ಮೊದಲು ರಕ್ಷಣೆ, ಆಮೇಲೆ ಅನುಸರಣೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಕ್ರಿಸ್ತನಂತೆ ನಡೆದರೆ ಮೋಕ್ಷವು ದೊರೆಯುವದೆಂದು ಪೇತ್ರನು ಹೇಳಲಿಲ್ಲ. ಹರಕೆ ಹೊತ್ತು, ಉಪವಾಸ ಮಾಡಿ, ಯಾತ್ರೆ ಹೋಗಿ ಪುಣ್ಯವನ್ನು ಕೂಡಿಡುವ ಅಭ್ಯಾಸವು ನಮ್ಮಲ್ಲಿ ಅನೇಕರ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ಸಭೆಗೆ ಬಂದ ಮೇಲೆ ಸತ್ಕ್ರಿಯೆಗಳನ್ನೂ ಅದೇ ಗಡಿಗೆಗೆ ಹಾಕಿ ಕೂಡಿಡುವ ಬುದ್ಧಿ ನಮಗೆ ಉಂಟಾಗುವದು ಸಹಜ. ಹಾಗೆ ಮಾಡುವವನು ಎರಡು ಬಗೆಯಾಗಿ ಕೆಡುವನು. ನಡತೆ ಸ್ವಲ್ಪ ನೆಟ್ಟಗಾದರೆ ಉಬ್ಬುವನು; ತಪ್ಪಿದರೆ ಎಲ್ಲವೂ ಹೋಯಿತೆಂದು ಕುಸಿಯುವನು.

24 ಮತ್ತು 25ನೆಯ ವಚನಗಳು ಈ ತಪ್ಪನ್ನು ಕಿತ್ತುಹಾಕುತ್ತವೆ. ಮಾದರಿಯಾಗಿ ಮುಂದೆ ನಿಂತಾತನೇ ನಮ್ಮ ಪಾಪಗಳನ್ನು ತನ್ನ ದೇಹದಲ್ಲಿ ಹೊತ್ತು ಮರದ ಮೇಲೆ ಏರಿದನು. ದಾರಿತಪ್ಪಿ ತಿರುಗುತ್ತಿದ್ದ ಕುರಿಗಳಾದ ನಮ್ಮನ್ನು ಕಾಯುವವನಾದನು. ಶಾಲೆಗೆ ಸೇರಿಸಿಕೊಂಡ ಮೇಲೆ ಮಗುವಿಗೆ ಅಕ್ಷರವನ್ನು ಬರೆದುಕೊಡುತ್ತಾರೆಯೇ ಹೊರತು, ಚೆನ್ನಾಗಿ ಬರೆದು ತಂದರೆ ಮಾತ್ರ ಶಾಲೆಗೆ ಸೇರಿಸುತ್ತೇವೆಂದು ಯಾರೂ ಹೇಳುವದಿಲ್ಲ. ದ್ರಾಕ್ಷೇಬಳ್ಳಿಯಲ್ಲಿ ನೆಲೆಗೊಂಡ ಕೊಂಬೆಯು ಫಲ ಕೊಡುತ್ತದೆ (ಯೋಹಾನ 15). ಫಲವನ್ನು ತೋರಿಸಿ ಬಳ್ಳಿಯೊಳಗೆ ಜಾಗ ಕೇಳುವದಿಲ್ಲ.

4. ತಿದ್ದತಕ್ಕ ಅಕ್ಷರಗಳು

ಪೇತ್ರನು ಒಂದು ಸಾರಿ ಕರ್ತನ ಸಂಗಡ ನೀರಿನ ಮೇಲೆ ನಡೆದವನು (ಮತ್ತಾಯ 14). ಆದರೆ ಮೇಲ್ಪಂಕ್ತಿಯನ್ನು ತೋರಿಸುವಾಗ ಅವನು ಆ ಅದ್ಭುತವನ್ನು ಎತ್ತುವದಿಲ್ಲ. ಐದು ಸಾವಿರ ಮಂದಿಗೆ ಊಟವಿಟ್ಟದ್ದನ್ನೂ ಹೇಳುವದಿಲ್ಲ. 22 ಮತ್ತು 23ನೆಯ ವಚನಗಳಲ್ಲಿ ಅವನು ತೋರಿಸುವವುಗಳು ಯಾವ ಗುಡಿಸಲಿನಲ್ಲಿಯೂ ತಿದ್ದಬಹುದಾದ ಅಕ್ಷರಗಳು.

ಒಂದನೆಯದು, ವಂಚನೆಯಿಲ್ಲದ ಬಾಯಿ. ಹಸುವನ್ನು ಮಾರುವವನು ಅದು ಒದೆಯುತ್ತದೆಂಬದನ್ನು ಮುಚ್ಚಿಟ್ಟರೆ, ಹಾಲಿನ ಸಂಘಕ್ಕೆ ಹಾಕುವ ಹಾಲಿನಲ್ಲಿ ಒಂದು ಲೋಟ ನೀರು ಸೇರಿದರೆ, ಕೊಡಲಾಗದೆಂದು ಬಲ್ಲವನೇ ಅಂಗಡಿಯವನಿಗೆ ನಾಳೆ ಕೊಡುತ್ತೇನೆಂದು ಹೇಳಿ ಕೈ ಬೀಸಿ ಬಂದರೆ, ಅಲ್ಲಿ ಅಕ್ಷರವು ಕೆಟ್ಟಿತು. ಇವು ಸಣ್ಣ ಸಂಗತಿಗಳಲ್ಲವೇ ಎಂದು ಕೇಳುವವರುಂಟು. ಊರಿನವರಲ್ಲಿ ಸತ್ಯವೇದವನ್ನು ಓದದವರು ಅನೇಕರು. ಆದರೆ ನಮ್ಮ ಹಾಲನ್ನು ಎಲ್ಲರೂ ಕುಡಿದು ನೋಡುತ್ತಾರೆ.

ಎರಡನೆಯದು, ಬೈಗಳಿಗೆ ಬೈಗಳನ್ನು ಹಿಂದಕ್ಕೆ ಕೊಡದ ನಾಲಿಗೆ. ನಲ್ಲಿಯ ಹತ್ತಿರ ಕೊಡದ ಸರತಿಗಾಗಿ, ಹೊಲದ ಬದುವಿಗಾಗಿ, ಕೋಳಿ ಅಂಗಳಕ್ಕೆ ಬಂದದ್ದಕ್ಕಾಗಿ ಎದ್ದ ಮಾತುಗಳು ಎಷ್ಟೋ ಮನೆಗಳನ್ನು ವರುಷಗಟ್ಟಲೆ ಬೇರೆ ಮಾಡಿವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ನಮಗೆ ಗೊತ್ತಿದ್ದೂ ಕೊನೆಯ ಮಾತು ನಮ್ಮದಾಗಬೇಕೆಂಬ ಆಶೆಯನ್ನು ಬಿಡಲಾರೆವು. ಕರ್ತನು ಕೊನೆಯ ಮಾತನ್ನು ನಿಂದಿಸುವವರಿಗೆ ಬಿಟ್ಟುಕೊಟ್ಟನು.

ಮೂರನೆಯದು, ಬೆದರಿಸದ ಬಲ. ಹನ್ನೆರಡು ದಂಡುಗಳಿಗಿಂತಲೂ ಹೆಚ್ಚಾದ ದೂತರನ್ನು ಕರೆಸಿಕೊಳ್ಳಬಲ್ಲವನು (ಮತ್ತಾಯ 26:53) ಬೆದರಿಕೆಯ ಒಂದು ಮಾತನ್ನೂ ಆಡಲಿಲ್ಲ. ಸಹೋದರರೇ, ನಾವು ಜಮೀನುದಾರನನ್ನು ಬೆದರಿಸುವದಿಲ್ಲ, ಅಧಿಕಾರಿಯನ್ನು ಬೆದರಿಸುವದಿಲ್ಲ. ಯಾರನ್ನು ಬೆದರಿಸುತ್ತೇವೆ? ಹೆಂಡತಿಯನ್ನು, ಮಕ್ಕಳನ್ನು, ನಮಗಿಂತ ಬಡವನಾದ ಕೂಲಿಯವನನ್ನು. ಹೊರಗೆ ತಿಂದ ಅವಮಾನವನ್ನು ಒಳಗೆ ಬಂದು ದುರ್ಬಲರ ಮೇಲೆ ತೀರಿಸುವವನು ದೇವಾಲಯದಲ್ಲಿ ಎಷ್ಟು ಮೃದುವಾಗಿ ಪ್ರಾರ್ಥಿಸಿದರೂ ಈ ಅಕ್ಷರವನ್ನು ಇನ್ನೂ ತಿದ್ದಲಿಲ್ಲ.

ನಾಲ್ಕನೆಯದು, ನ್ಯಾಯವಾಗಿ ತೀರ್ಪುಮಾಡುವಾತನಿಗೆ ತನ್ನನ್ನು ಒಪ್ಪಿಸಿಕೊಡುವದು. ಇದನ್ನು ತಪ್ಪಾಗಿ ತಿಳಿಯಬಾರದು. ಅನ್ಯಾಯಕ್ಕೆ ತಲೆಬಾಗಿಸಿ ಬಾಯಿ ಮುಚ್ಚಿಕೊಂಡಿರುವದೇ ಕ್ರಿಸ್ತನ ಮಾದರಿಯೆಂದು ಬಡವರಿಗೆ ಬೋಧಿಸುವದು ವಾಕ್ಯವನ್ನು ತಿರುಚುವದಾಗಿದೆ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರನು ಹೊಡೆದಾಗ, ಯಾಕೆ ಹೊಡೆದಿ ಎಂದು ಕರ್ತನು ಕೇಳಿದನು (ಯೋಹಾನ 18:23). ವಿಚಾರಣೆಯಿಲ್ಲದೆ ಹೊಡಿಸಿ ಗುಟ್ಟಾಗಿ ಬಿಟ್ಟುಬಿಡಬೇಕೆಂದಿದ್ದ ಅಧಿಪತಿಗಳಿಗೆ, ತಾವೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಎಂದು ಪೌಲನು ಹೇಳಿಕಳುಹಿಸಿದನು (ಅಪೊಸ್ತಲರ ಕೃತ್ಯಗಳು 16:37). ನಮ್ಮ ದೇಶದಲ್ಲಿ 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1976ರ ಕಾಯಿದೆಯು ಜೀತವನ್ನು ರದ್ದು ಮಾಡಿತು. ಇವುಗಳ ಆಶ್ರಯವನ್ನು ಕೇಳುವದು ಅವಿಶ್ವಾಸವಲ್ಲ. ಹಗೆಯನ್ನು ಹೃದಯದಲ್ಲಿ ಸಾಕಿಕೊಳ್ಳದೆ ನ್ಯಾಯವನ್ನು ಕೇಳುವದೂ, ನ್ಯಾಯವು ತಡವಾದಾಗ ದೇವರನ್ನು ಬಿಡದೆ ಇರುವದೂ ಒಪ್ಪಿಸಿಕೊಡುವದರ ಅರ್ಥವಾಗಿದೆ.

5. ನಾವು ತಪ್ಪಿದ ಒಂದು ಸಂಗತಿ

ಬೇರೆಯವರ ಸ್ಲೇಟನ್ನು ಇಷ್ಟು ಹೊತ್ತು ನೋಡಿದೆವು. ಇನ್ನು ನಮ್ಮದನ್ನು ತೋರಿಸದಿದ್ದರೆ ಈ ಪಾಠವು ಸುಳ್ಳಾಗುವದು.

ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಅಂಚಿನಲ್ಲಿದ್ದ ಕೇರಿಯ ಕೆಲವು ಮನೆಗಳವರು ದೀಕ್ಷಾಸ್ನಾನಕ್ಕಾಗಿ ಸಿದ್ಧರಾಗುತ್ತಿದ್ದರು. ನಾವು ವಾರಕ್ಕೊಮ್ಮೆ ಹೋಗಿ ಅವರಿಗೆ ಪಾಠ ಹೇಳುತ್ತಿದ್ದೆವು. ಬೇಸಿಗೆಯ ಒಂದು ಸಾಯಂಕಾಲ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು ತೆಗೆದುಕೊಂಡು, ಯೆಹೂದ್ಯರು ಸಮಾರ್ಯದವರ ಸಂಗಡ ಹೊಕ್ಕುಬಳಕೆ ಇಟ್ಟುಕೊಳ್ಳುತ್ತಿರಲಿಲ್ಲವೆಂದೂ, ಕರ್ತನಾದರೋ ಆ ಬೇಲಿಯನ್ನು ಲೆಕ್ಕಿಸದೆ ಸಮಾರ್ಯದ ಸ್ತ್ರೀಯಿಂದ ನೀರು ಕೇಳಿದನೆಂದೂ ವಿವರಿಸಿದೆವು. ಪಾಠವು ಚೆನ್ನಾಗಿಯೇ ನಡೆಯಿತೆಂದು ನಮಗೆ ತೋರಿತು.

ಪಾಠ ಮುಗಿದ ಮೇಲೆ ಆ ಮನೆಯ ಅಜ್ಜಿಯು ಹುಣಿಸೇಹಣ್ಣು ಹಾಕಿ ಬೆಳಗಿದ ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದು ನಮ್ಮ ಮುಂದೆ ಹಿಡಿದಳು. ನಾವು ಬಿಸಿಲಿನಲ್ಲಿ ಬಹು ದೂರ ನಡೆದು ಬಂದಿದ್ದೆವು, ಗಂಟಲು ಒಣಗಿತ್ತು. ಆದರೂ ನಮ್ಮ ಬಾಯಿಂದ ಬಂದ ಮಾತು, "ಬೇಡ ಅಜ್ಜೀ, ಬಾಯಾರಿಕೆಯಿಲ್ಲ" ಎಂಬದೇ.

ಅಜ್ಜಿಯು ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ, "ಅಯ್ಯನವರೇ, ಆ ಹೆಂಗಸು ಕೊಟ್ಟ ನೀರನ್ನು ಸ್ವಾಮಿ ಕುಡಿದರೋ ಇಲ್ಲವೋ? ನೀವು ಅದನ್ನು ಓದಲೇ ಇಲ್ಲ" ಎಂದಳು.

"ಅದನ್ನು ಬರೆದಿಲ್ಲ ಅಜ್ಜೀ. ನೀರು ಕೇಳಿದನೆಂದು ಮಾತ್ರ ಬರೆದದೆ" ಎಂದೆವು.

"ಕೇಳಿದವರು ಕುಡಿಯದೆ ಇರುತ್ತಾರೆಯೇ?" ಎಂದು ಹೇಳಿ ಅವಳು ಒಳಗೆ ಹೋದಳು.

ನಮ್ಮ ಮನೆಯವರು ಕ್ರಿಸ್ತನನ್ನು ನಂಬಿದ್ದು ನಮ್ಮ ಅಜ್ಜನ ಕಾಲದಲ್ಲಿ. ಜಾತಿಯನ್ನು ಬಿಟ್ಟೆವೆಂದು ಮೂರು ತಲೆಮಾರುಗಳಿಂದ ಹೇಳಿಕೊಂಡು ಬಂದವರು ನಾವು. ಸೆಮಿನೆರಿಯಲ್ಲಿ ಅದನ್ನು ಕುರಿತು ಪ್ರಬಂಧವನ್ನೂ ಬರೆದಿದ್ದೆವು. ಆದರೆ ಆ ಸಾಯಂಕಾಲ ನಮ್ಮ ತಿಳಿವಳಿಕೆಯು ಬಾಯಿ ತೆರೆಯುವದಕ್ಕೆ ಮುಂಚೆ ನಮ್ಮ ಹಳೇ ರಕ್ತವು ಉತ್ತರ ಕೊಟ್ಟುಬಿಟ್ಟಿತು. ಬಾಯಾರಿಕೆಯಿಲ್ಲವೆಂಬದು ಸುಳ್ಳು; ಆ ಸುಳ್ಳಿನ ಹಿಂದೆ ಇದ್ದದ್ದು ಹೆಮ್ಮೆ. ಒಂದೇ ಮಾತಿನಲ್ಲಿ ಎರಡು ಪಾಪಗಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮರುವಾರ ಹೋದಾಗ ಪಾಠ ಪ್ರಾರಂಭಿಸುವದಕ್ಕೆ ಮೊದಲು, "ಅಜ್ಜೀ, ನೀರು ಕೊಡು" ಎಂದು ನಾವೇ ಕೇಳಿದೆವು. ಅವಳು ತಂದುಕೊಟ್ಟು, "ಇವತ್ತು ಬಾಯಾರಿಕೆಯಾಯಿತೋ?" ಎಂದಳು. ಎಲ್ಲರ ಮುಂದೆ ನಾವು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅಜ್ಜಿಯು ಕ್ಷಮಿಸಿದಳು, ಆ ವರುಷವೇ ದೀಕ್ಷಾಸ್ನಾನವನ್ನೂ ಹೊಂದಿದಳು.

ಆದರೆ ಸಂಗತಿಯು ಅಲ್ಲಿಗೆ ಮುಗಿಯಲಿಲ್ಲ. ಅವಳ ಹಿರಿಯ ಮಗನು ಮೊದಲನೆಯ ದಿವಸ ಬಾಗಲ ಬಳಿ ನಿಂತುಕೊಂಡು ಎಲ್ಲವನ್ನೂ ನೋಡಿದ್ದನು. ಎರಡನೆಯ ವಾರ ಅವನು ಬಂದಿರಲಿಲ್ಲ, ಆಮೇಲೆಯೂ ಬರಲಿಲ್ಲ. ನಾವು ಅವನ ಮನೆಗೆ ಹೋಗಿ ಕ್ಷಮೆ ಬೇಡಿದೆವು. "ಇರಲಿ ಬಿಡಿರಿ" ಎಂದು ಹೇಳಿ ಮಾತು ಬದಲಾಯಿಸಿದನು. ಈಗಲೂ ಆ ಹಳ್ಳಿಗೆ ಹೋದಾಗಲೆಲ್ಲಾ ಅವನ ಜಗಲಿಯ ಮೇಲೆ ಕುಳಿತು ನೀರು ಕುಡಿದು ಬರುತ್ತೇವೆ. ಅವನು ಮಳೆಬೆಳೆಯ ಮಾತಾಡುತ್ತಾನೆ, ಸಭೆಯ ಮಾತಾಡುವದಿಲ್ಲ. ಅನೇಕ ವಾರಗಳ ಪಾಠಗಳಿಂದ ಹತ್ತಿರಕ್ಕೆ ಬಂದವನು ನಮ್ಮ ಒಂದು ಮಾತಿನಿಂದ ದೂರ ಹೋದನು. ಸಾಧಾರಣ ವಿಶ್ವಾಸಿಯ ನಡತೆಯು ಸಣ್ಣ ವಿಷಯವೆಂದು ಯಾರಾದರೂ ಹೇಳಿದಾಗ ಆ ಜಗಲಿಯು ನಮ್ಮ ಕಣ್ಣಮುಂದೆ ಬರುತ್ತದೆ.

6. ಪೇತ್ರನೂ ತಪ್ಪಿದನು

ಈ ಪತ್ರವನ್ನು ಬರೆದ ಕೈಯೂ ಒಂದು ಕಾಲದಲ್ಲಿ ಇದೇ ಅಕ್ಷರದಲ್ಲಿ ತಪ್ಪಿತು. ಅನ್ಯಜನರನ್ನು ಹೊಲೆಯಾದವರೆಂದು ಎಣಿಸಬಾರದೆಂದು ಪೇತ್ರನು ಯೊಪ್ಪದಲ್ಲಿ ದರ್ಶನದ ಮೂಲಕ ಕಲಿತು, ಕೊರ್ನೇಲ್ಯನ ಮನೆಯೊಳಗೆ ಹೋಗಿದ್ದನು (ಅಪೊಸ್ತಲರ ಕೃತ್ಯಗಳು 10). ಆದಾಗ್ಯೂ ಆಮೇಲೆ ಅಂತಿಯೋಕ್ಯದಲ್ಲಿ ಅನ್ಯಜನರಿಂದ ಬಂದ ಸಹೋದರರ ಸಂಗಡ ಊಟಮಾಡುತ್ತಿದ್ದವನು, ಯೆರೂಸಲೇಮಿನ ಕಡೆಯಿಂದ ಕೆಲವರು ಬಂದ ಕೂಡಲೆ ಹೆದರಿ, ಪಂಕ್ತಿಯಿಂದ ಹಿಂದೆಗೆದನು. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿ ಮಾತಾಡಬೇಕಾಯಿತು (ಗಲಾತ್ಯ 2:11-14). ವಾಚಕರೇ, ಶಿಷ್ಯರು ಮೊದಲು ಕ್ರೈಸ್ತರೆಂಬ ಹೆಸರನ್ನು ಪಡೆದ ಊರು ಅದೇ ಅಂತಿಯೋಕ್ಯ (ಅಪೊಸ್ತಲರ ಕೃತ್ಯಗಳು 11:26). ಕ್ರಿಸ್ತನ ಹೆಸರು ಹುಟ್ಟಿದ ಊರಿನಲ್ಲಿಯೇ ಊಟದ ಪಂಕ್ತಿಯು ಒಡೆಯಿತು.

ನಮ್ಮ ಸೀಮೆಯ ಹಿರಿಯರು ಇದೇ ಪಂಕ್ತಿಗಾಗಿ ಬೆಲೆ ಕೊಟ್ಟವರು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿನಲ್ಲಿ ಓದಿ, ಬೋಧಕರಾಗಿ ತಿರಿಗಿ ಬಂದರು. ಆ ದಿನಗಳಲ್ಲಿ ನಂಬಿದವರಲ್ಲಿ ಅನೇಕರು ಜಾತಿಯೊಂದಿಗೆ ಮನೆಯನ್ನೂ ಕಸಬನ್ನೂ ಕಳಕೊಂಡರು. ಅವರ ಜೀವನಕ್ಕಾಗಿ ನೆಯ್ಗೆಯ ಕೆಲಸವೂ, 1865ರಲ್ಲಿ ಹಂಚಿನ ಕಾರ್ಖಾನೆಯೂ ಪ್ರಾರಂಭವಾದವು. ಬೇರೆ ಬೇರೆ ಕುಲಗಳಿಂದ ಬಂದವರು ಅಲ್ಲಿ ಒಂದೇ ಮಾಡಿನ ಕೆಳಗೆ ದುಡಿದರು. ಅವರು ಅಷ್ಟು ಬೆಲೆ ಕೊಟ್ಟು ಬಿಟ್ಟದ್ದರಲ್ಲಿ ಒಂದು ಚೂರನ್ನು ನಾವು ಸೆರಗಿನಲ್ಲಿ ಗಂಟುಹಾಕಿ ಇಟ್ಟುಕೊಂಡರೆ, ಮದುವೆಯ ಮಾತು ಬಂದಾಗಲೂ ಸಭೆಯ ಊಟದಲ್ಲಿ ಕುಳಿತುಕೊಳ್ಳುವಾಗಲೂ ಅದನ್ನು ಬಿಚ್ಚಿ ನೋಡಿದರೆ, ನಮ್ಮ ಹಿರಿಯರಿಗೂ ಕರ್ತನಿಗೂ ಏನು ಉತ್ತರ ಹೇಳುವೆವು?

7. ಅಕ್ಷರವು ಕೆಟ್ಟ ಮೇಲೆ ಏನು ಮಾಡಬೇಕು?

ಮಗುವು ಅಕ್ಷರವನ್ನು ಕೆಡಿಸಿದರೆ ಸ್ಲೇಟನ್ನು ಒಡೆದುಹಾಕುವದಿಲ್ಲ. ಒರಸಿ ತಿರಿಗಿ ಬರೆಯುತ್ತದೆ. ಪೇತ್ರನು ಮೂರು ಸಾರಿ ಕರ್ತನನ್ನು ಅರಿಯೆನೆಂದನು. ಸಮುದ್ರದ ದಡದಲ್ಲಿ ಕರ್ತನು ಮೂರು ಸಾರಿ ಅವನನ್ನು ಪ್ರಶ್ನಿಸಿ ತಿರಿಗಿ ಕೆಲಸಕ್ಕೆ ಹಚ್ಚಿದನು (ಯೋಹಾನ 21). ನಾನು ಗುರಿಯನ್ನು ಮುಟ್ಟಿದವನಲ್ಲ, ಇನ್ನೂ ಓಡುತ್ತಿದ್ದೇನೆ ಎಂದು ಪೌಲನೇ ಒಪ್ಪಿಕೊಳ್ಳುತ್ತಾನೆ (ಫಿಲಿಪ್ಪಿ 3:12-14 ನೋಡಿರಿ).

ಇಬ್ಬರು ಸಾಧಾರಣರ ಸಂಗತಿಯನ್ನು ಹೇಳುವೆವು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದ ಒಂದು ಮಠದಲ್ಲಿ ಸಹೋದರ ಲಾರೆನ್ಸ್ ಎಂಬವನಿದ್ದನು. ಮೊದಲು ಸಿಪಾಯಿಯಾಗಿದ್ದು ಕಾಲಿಗೆ ಗಾಯ ತಗಲಿ ಕುಂಟನಾದವನು. ಮಠದಲ್ಲಿ ಅವನಿಗೆ ದೊರೆತದ್ದು ಅಡಿಗೆಯ ಮನೆಯ ಕೆಲಸ. ಆ ಕೆಲಸವು ಅವನ ಸ್ವಭಾವಕ್ಕೆ ಸ್ವಲ್ಪವೂ ಹಿಡಿಸದೆ ಇದ್ದರೂ, ದೇವರ ಪ್ರೀತಿಗಾಗಿ ಅದನ್ನು ಮಾಡುವ ಅಭ್ಯಾಸದಿಂದ ಪಾತ್ರೆಗಳ ಗದ್ದಲದಲ್ಲಿಯೂ ದೇವರ ಸನ್ನಿಧಿಯನ್ನು ಮರೆಯದವನಾದನು. ತಪ್ಪಿದಾಗ ಅವನು ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡು, ಅದನ್ನೇ ನೆನಸಿ ಕೊರಗುತ್ತಾ ಕೂತುಕೊಳ್ಳದೆ, ತನ್ನ ಕೆಲಸಕ್ಕೆ ತಿರುಗುತ್ತಿದ್ದನು. ಅವನು 1691ರಲ್ಲಿ ತೀರಿಕೊಂಡನು. ಅವನು ನಮ್ಮ ಪಂಗಡದವನಲ್ಲದಿದ್ದರೂ ಅವನ ಮಾತುಗಳನ್ನು ನಮ್ಮ ಸಭೆಗಳವರೂ ಓದಿ ಲಾಭ ಹೊಂದಿದ್ದಾರೆ.

ಇನ್ನೊಬ್ಬರು ವಿಲಿಯಂ ಕೇರಿಯವರು. ಇಂಗ್ಲೆಂಡಿನಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಇವರು 1793ರಲ್ಲಿ ಬಂಗಾಳಕ್ಕೆ ಬಂದರು. 1812ರಲ್ಲಿ ಶ್ರೀರಾಂಪುರದ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ವರುಷಗಟ್ಟಲೆ ದುಡಿದು ಬರೆದ ಅನೇಕ ಹಸ್ತಪ್ರತಿಗಳು ಬೂದಿಯಾದವು. ಅವರು ಆ ಬೂದಿಯ ಬಳಿ ಕುಳಿತುಬಿಡಲಿಲ್ಲ, ತಿರಿಗಿ ಬರೆಯತೊಡಗಿದರು. ನಮ್ಮ ಕನ್ನಡ ಭಾಷೆಯನ್ನು ಕುರಿತು ಅವರು ಬರೆದ ವ್ಯಾಕರಣವು 1817ರಲ್ಲಿ, ಅಂದರೆ ಆ ಬೆಂಕಿಯ ತರುವಾಯ ಐದು ವರುಷಗಳಲ್ಲಿ, ಅಚ್ಚಾಯಿತು. ತನ್ನಲ್ಲಿ ಹೇಳಿಕೊಳ್ಳತಕ್ಕದ್ದೇನಾದರೂ ಇದ್ದರೆ ಅದು ಎಡೆಬಿಡದೆ ನಿಧಾನವಾಗಿ ದುಡಿಯುವದೊಂದೇ ಎಂದು ಅವರು ತಮ್ಮನ್ನು ಕುರಿತು ಹೇಳಿಕೊಳ್ಳುತ್ತಿದ್ದರು. ಬುದ್ಧಿಯು ಎಲ್ಲರಿಗೂ ಸಮವಾಗಿ ಬರುವದಿಲ್ಲ. ತಿರಿಗಿ ಪ್ರಾರಂಭಿಸುವದು ಎಲ್ಲರಿಗೂ ಸಾಧ್ಯ.

8. ಈ ತಿಂಗಳು ಮಾಡತಕ್ಕದ್ದು

ಮೇಲೆ ಹೇಳಿದ ನಾಲ್ಕು ಅಕ್ಷರಗಳನ್ನೂ ಒಟ್ಟಿಗೆ ಹಿಡಿಯಬೇಡಿರಿ. ವಾರಕ್ಕೊಂದನ್ನು ತೆಗೆದುಕೊಳ್ಳಿರಿ. ಬೆಳಿಗ್ಗೆ ಮನೆ ಬಿಡುವ ಮೊದಲು 22 ಮತ್ತು 23ನೆಯ ವಚನಗಳನ್ನು ಓದಿ, ಆ ವಾರದ ಅಕ್ಷರವನ್ನು ತಿದ್ದುವ ಕೃಪೆಯನ್ನು ಬೇಡಿರಿ. ರಾತ್ರಿ ಮಲಗುವ ಮೊದಲು ಎಲ್ಲಿ ಕೈ ತಪ್ಪಿತೆಂದು ದೇವರ ಮುಂದೆ ಹೇಳಿರಿ. ತಪ್ಪು ಮನುಷ್ಯರಿಗೆ ವಿರೋಧವಾಗಿದ್ದರೆ ದೇವರ ಮುಂದೆ ಮಾತ್ರ ಹೇಳಿ ಸುಮ್ಮನಾಗಬೇಡಿರಿ. ಆ ಮನುಷ್ಯನ ಬಾಗಲಿಗೆ ಹೋಗಿರಿ. ತಡಮಾಡಬೇಡಿರಿ. ತಡವಾದರೆ ಏನಾಗುವದೆಂಬದನ್ನು ನಾವು ಬಲ್ಲೆವು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

(1) ಕ್ರಿಸ್ತನ ಮಾದರಿಯನ್ನು ಪೇತ್ರನು ಮನೆಯಾಳುಗಳಿಗೆ ತೋರಿಸಿದ್ದರಿಂದ ನಾವೇನು ಕಲಿಯುತ್ತೇವೆ?
(2) 21ನೆಯ ವಚನವನ್ನು 24ನೆಯದರಿಂದ ಬೇರೆಮಾಡಿದರೆ ಯಾವ ತಪ್ಪು ಹುಟ್ಟುವದು?
(3) ತಾಳ್ಮೆಗೂ ಅನ್ಯಾಯವನ್ನು ಒಪ್ಪಿಕೊಳ್ಳುವದಕ್ಕೂ ಇರುವ ವ್ಯತ್ಯಾಸವೇನು? ಯೋಹಾನ 18:23ನ್ನು ನೋಡಿ ಹೇಳಿರಿ.
(4) ಅಂತಿಯೋಕ್ಯದಲ್ಲಿ ಪೇತ್ರನು ಯಾರಿಗೆ ಹೆದರಿದನು? ನಮ್ಮ ಸಭೆಯಲ್ಲಿ ನಾವು ಯಾರಿಗೆ ಹೆದರಿ ಯಾರ ಮನೆಯ ನೀರನ್ನು ಬೇಡವೆಂದಿದ್ದೇವೆ?
(5) ನಮ್ಮ ನಡತೆಯನ್ನು ನೋಡಿ ದೂರವಾದವರು ಯಾರಾದರೂ ಇದ್ದಾರೆಯೇ? ಅವರ ಜಗಲಿಗೆ ಈ ತಿಂಗಳು ಯಾರು ಹೋಗುವರು?

ಕೊನೆಯ ಪ್ರಶ್ನೆಗೆ ಕೂಟದಲ್ಲಿ ಗಟ್ಟಿಯಾಗಿ ಉತ್ತರ ಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು ಮೌನವಾಗಿದ್ದು, ಪ್ರತಿಯೊಬ್ಬನೂ ತನ್ನ ತನ್ನ ಹೆಸರನ್ನು ಕರ್ತನ ಮುಂದೆ ನೆನಸಿಕೊಂಡು, ಆಮೇಲೆ ಹಿರಿಯರೊಬ್ಬರು ಈ ಅರ್ಥದಲ್ಲಿ ಪ್ರಾರ್ಥಿಸಲಿ: ಕರ್ತನೇ, ನೀನು ಬರೆದಿಟ್ಟ ಸಾಲು ನೆಟ್ಟಗಿದೆ, ನಮ್ಮ ಕೈ ನಡುಗುತ್ತದೆ. ನಾವು ಕೆಡಿಸಿದ್ದನ್ನು ನಿನ್ನ ರಕ್ತದಿಂದ ಒರಸು. ನಮ್ಮ ಕೈಯನ್ನು ಹಿಡಿದು ತಿರಿಗಿ ಬರೆಸು. ನಮ್ಮಿಂದ ಎಡವಿ ದೂರ ಹೋದವರನ್ನು ನೀನೇ ಹುಡುಕು. ಹುಡುಕುವದಕ್ಕೆ ನಮ್ಮನ್ನೂ ಕಳುಹಿಸು. ಆಮೆನ್.